ಬಿಸಿಲು ಹಂಚಲು ಹೊರಟ ನಮ್ಮತ್ತೆ

ಕೋಲಾರ ಜಿಲ್ಲೆಯಲ್ಲಿ ಮೋಡ ಕಂಡರೆ ಬೈಯುತ್ತಿದ್ದವರು ಒಬ್ಬರೇ ಒಬ್ಬರು. ಅವರು ನಮ್ಮ ಸೋದರತ್ತೆ.

ನಮ್ಮ ಕಡೆ ಆಕಾಶದಲ್ಲಿ ಅಂಗೈಯಗಲದ ಮೋಡ ಕಾಣಿಸಿಕೊಂಡರೆ ಸಾಕು, ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು, ಮೊದಲ ಸಲ ಮನೆಗೆ ಬಂದ ಅಳಿಯನನ್ನು ನೋಡುವ ಹಾಗೆ ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ನಮ್ಮತ್ತೆ ಮಾತ್ರ ತಾರಸಿಯ ಮೇಲೆ ನಿಂತು, "ಹಾಳಾದ್ದು, ಈಗಲೇ ಬರಬೇಕಾಗಿತ್ತಾ! ನನ್ನ ಅಕ್ಕಿ ಇನ್ನೂ ಅರ್ಧ ಬೆಂದಿದೆ!" ಎಂದು ಗದರುತ್ತಿದ್ದರು. ಮೋಡ ಹೆದರಿಕೊಂಡು ಆಂಧ್ರದ ಕಡೆ ಹೋಗಿಬಿಡುತ್ತಿತ್ತು. ಆ ವರ್ಷ ಮಳೆ ಸರಿಯಾಗಿ ಆಗದಿದ್ದುದಕ್ಕೆ ಊರಿನ ಕೆಲವರು ಇವತ್ತಿಗೂ ನಮ್ಮತ್ತೆಯನ್ನೇ ಹೊಣೆ ಮಾಡುತ್ತಾರೆ. ನಾನು ಅದನ್ನು ಪೂರ್ತಿಯಾಗಿ ಅಲ್ಲಗಳೆಯಲಾರೆ.

ನಮ್ಮದು ಮುಳಬಾಗಿಲಿನ ಹಳೆಯ ಮನೆತನ. ಗಂಡಸರಲ್ಲಿ ಅರ್ಧ ಜನ ಪಂಚಾಂಗ ನೋಡುತ್ತಿದ್ದರು, ಉಳಿದರ್ಧ ಜನ ಲೆಕ್ಕ ಬರೆಯುತ್ತಿದ್ದರು. ಹೆಂಗಸರು ಇಬ್ಬರಿಗೂ ಕಾಫಿ ಕೊಡುತ್ತಿದ್ದರು. ಇಂಥ ಮನೆಯಲ್ಲಿ ಹುಟ್ಟಿದ ನಮ್ಮತ್ತೆ, ಯಾರಿಗೂ ಹೇಳದೆ ಕೇಳದೆ ತರಬೇತಿಗೆ ಸೇರಿ ಸರ್ಕಾರಿ ಮಿಡ್‌ವೈಫ್ ಆಗಿಬಿಟ್ಟರು. ಊರೂರು ತಿರುಗಿ ಹೆರಿಗೆ ಮಾಡಿಸುವ ಕೆಲಸ. ರಜೆಗೆ ಮನೆಗೆ ಬಂದರೆ ಬಾವಿಯ ಹತ್ತಿರವೇ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕೆಂದು ನಮ್ಮ ತಾತನ ಅಪ್ಪಣೆ. ಅತ್ತೆ ವಿಧೇಯತೆಯಿಂದ ಸ್ನಾನ ಮಾಡಿ ಬಂದು, ಪಂಕ್ತಿಯಲ್ಲಿ ಊಟಕ್ಕೆ ಕುಳಿತು, ಹಿಂದಿನ ವಾರದ ಹೆರಿಗೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ವಿವರವಾಗಿ ಹೇಳುತ್ತಿದ್ದರು. ಆ ದಿನ ಮನೆಯ ಗಂಡಸರು ಮಜ್ಜಿಗೆಯವರೆಗೆ ಹೋದದ್ದಿಲ್ಲ.

"ಯಾವ್ಯಾವ ಜಾತಿಯವರ ಮನೆಗೋ ಹೋಗಿ ಮೈಲಿಗೆ ಮಾಡ್ಕೊಂಡು ಬರ್ತೀಯಲ್ಲೇ" ಎಂದು ತಾತ ಒಮ್ಮೆ ಸಂಕಟಪಟ್ಟುಕೊಂಡರಂತೆ.

"ಅಪ್ಪಾ, ಮಗು ಹೊರಗೆ ಬರೋ ದಾರಿ ಎಲ್ಲ ಜಾತೀಲೂ ಒಂದೇ. ನಾನು ನೋಡಿ ಬಂದಿದ್ದೀನಿ" ಎಂದರಂತೆ ಅತ್ತೆ.

ತಾತ ಪಂಚಾಂಗ ಮುಚ್ಚಿಟ್ಟು ಎದ್ದು ಹೋದರು. ಆ ವಿಷಯ ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಅತ್ತೆ ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಒಂದು ಸಲ ಧೈರ್ಯ ಮಾಡಿ ಕೇಳಿದ್ದೆ. "ಹುಡುಗ ನೋಡೋಕೆ ಬಂದಾಗಲೆಲ್ಲಾ ಯಾವಳಿಗಾದ್ರೂ ನೋವು ಶುರುವಾಗೋದು ಕಣೇ. ನಾನೇನು ಮಾಡ್ಲಿ? ಹುಡುಗ ಕಾಯ್ತಾನೆ, ಮಗು ಕಾಯುತ್ತಾ?" ಎಂದರು. ಹುಡುಗರೂ ಕಾಯಲಿಲ್ಲವೆಂದು ಕಾಣುತ್ತದೆ.

ರಾಯಲ್ಪಾಡು, ಯಲ್ದೂರು ಎಂದು ಎಲ್ಲೆಲ್ಲೋ ಕೆಲಸ ಮಾಡಿ, ಕೊನೆಗೆ ಬೈರಕೂರಿನ ಹತ್ತಿರದ ಒಂದು ಹಳ್ಳಿಗೆ ಬಂದು, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದರು. ಆ ಊರಿನಲ್ಲಿ ಎಲ್ಲರಿಗೂ ಅವರು 'ನರ್ಸಮ್ಮ'. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಸರಾಗವಾಗಿ ಬೈಯುತ್ತಿದ್ದರು. ಊರಿನ ಹರೆಯದವರೆಲ್ಲ ಅವರ ಕೈಯಲ್ಲಿ ಹುಟ್ಟಿದವರಾದ್ದರಿಂದ ಯಾರೂ ಎದುರು ಮಾತಾಡುವಂತಿರಲಿಲ್ಲ. ಮೀಸೆ ಬಂದ ಪಂಚಾಯ್ತಿ ಮೆಂಬರೊಬ್ಬ ಏನೋ ವಾದಕ್ಕೆ ಬಂದಾಗ, "ಏನ್ಲಾ, ನಿನ್ನ ಕಾಲು ಹಿಡಿದು ತಲೆಕೆಳಗೆ ನೇತಾಕಿ ಬೆನ್ನಿಗೆ ಬಾರಿಸಿದ್ದೀನಿ. ಆವತ್ತು ಬಾಯಿ ತೆಗೆಯೋ ಅಂತ ನಾನೇ ಬೇಡ್ಕೊಂಡೆ. ಇವತ್ತು ಮುಚ್ಚೋ ಅಂತ ಬೇಡ್ಕೋಬೇಕಾ?" ಎಂದಿದ್ದರು. ಮೆಂಬರು ಮುಚ್ಚಿಕೊಂಡ.

ನಾನು ಆಗ ಕೋಲಾರದ ಒಂದು ಕಚೇರಿಯಲ್ಲಿ ಟೈಪಿಸ್ಟು. ಎಂಬತ್ತರ ದಶಕ ಶುರುವಾಗಿತ್ತು. ಶನಿವಾರ ಕಚೇರಿ ಮುಗಿದರೆ ಬಸ್ಸು ಹಿಡಿದು ಅತ್ತೆಯ ಮನೆಗೆ ಹೋಗುವುದು ನನ್ನ ರೂಢಿ. ಒಂದು ಸಲ ಅತ್ತೆಯೇ ಕೋಲಾರಕ್ಕೆ ಬಂದಿದ್ದಾಗ, ಅಲ್ಲಿ ನಡೆಯುತ್ತಿದ್ದ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋದೆ. ಸೀರೆ ಅಂಗಡಿ ನೋಡಲಿ ಎಂದು ನನ್ನ ಉದ್ದೇಶ. ಅವರು ನೋಡಿದ್ದು ಬಿಸಿಲು ಪೆಟ್ಟಿಗೆಯನ್ನು.

ಸೌರ ಒಲೆ ಎಂದು ಅದರ ಹೆಸರು. ನೋಡಲು ಹಾರ್ಮೋನಿಯಂ ಪೆಟ್ಟಿಗೆಯ ಹಾಗೆ ಇತ್ತು. ಒಳಗೆಲ್ಲ ಕಪ್ಪು ಬಣ್ಣ, ಮೇಲೆ ಜೋಡಿ ಗಾಜು, ಮುಚ್ಚಳಕ್ಕೆ ಕನ್ನಡಿ. ಒಳಗೆ ನಾಲ್ಕು ಕಪ್ಪು ಡಬ್ಬಗಳು. ಡಬ್ಬದಲ್ಲಿ ಅಕ್ಕಿ ಬೇಳೆ ನೀರು ಹಾಕಿ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು, ಸೂರ್ಯ ಹೋದ ಕಡೆಗೆಲ್ಲ ಅದರ ಮುಖ ತಿರುಗಿಸುತ್ತಿದ್ದರೆ ಮಧ್ಯಾಹ್ನದ ಹೊತ್ತಿಗೆ ಬೆಂದಿರುತ್ತಿತ್ತು. ಸೌದೆ ಬೇಡ, ಸೀಮೆಎಣ್ಣೆ ಬೇಡ, ಹೊಗೆಯಿಲ್ಲ. ಸರ್ಕಾರದ ರಿಯಾಯಿತಿ ಬೇರೆ.

"ರಿಯಾಯಿತಿ ಸ್ವಂತ ಮನೆ ಇದ್ದವರಿಗೆ ಮಾತ್ರ" ಎಂದ ಮೇಜಿನ ಹಿಂದಿದ್ದವನು. ಅತ್ತೆಯದು ಬಾಡಿಗೆ ಮನೆ.

"ಯಾಕಪ್ಪಾ? ಬಾಡಿಗೆ ಮನೆಯವರಿಗೆ ಸೂರ್ಯ ಹುಟ್ಟಲ್ವಾ?"

"ರೂಲ್ಸು ಹಂಗಿದೆ ಅಮ್ಮಾ."

"ನಿಂದು ಸ್ವಂತ ಮನೇನಾ?"

ಅವನದೂ ಬಾಡಿಗೆ ಮನೆಯಾಗಿತ್ತು. ಅವನ ಮುಖದಲ್ಲಿ, ತನಗೂ ಆ ಪೆಟ್ಟಿಗೆ ಸಿಗುವುದಿಲ್ಲವೆಂದು ಅದೇ ತಾನೇ ಹೊಳೆದವನ ದುಃಖ ಕಾಣಿಸಿತು. ಅಷ್ಟರಲ್ಲಿ ಅತ್ತೆಯ ಹಿಂದೆ ಸಾಲು ಬೆಳೆದು, ಸಾಲಿನಲ್ಲಿದ್ದ ಬಾಡಿಗೆ ಮನೆಯವರೆಲ್ಲ ಮಾತಿಗೆ ಸೇರಿಕೊಂಡರು. ಸಂಜೆ ನಾವು ರಿಯಾಯಿತಿ ದರದಲ್ಲೇ ಕೊಂಡ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೊರಟೆವು. ಕಂಡಕ್ಟರು, "ಹರಿಕಥೆನಾ ಅಮ್ಮಾ? ಯಾವೂರಲ್ಲಿ?" ಎಂದು ಕೇಳಿದ.

ಪೆಟ್ಟಿಗೆ ಬಂತು. ಇಡುವುದೆಲ್ಲಿ? ಅತ್ತೆಯಿದ್ದದ್ದು ದವಸದ ವ್ಯಾಪಾರಿ ಶೆಟ್ಟರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ. ಅಲ್ಲಿ ಬಿಸಿಲು ಬೀಳುತ್ತಿರಲಿಲ್ಲ. ಮರುದಿನ ಬೆಳಗ್ಗೆ ಅತ್ತೆ ಪೆಟ್ಟಿಗೆಯನ್ನು ತಾರಸಿಯ ಮೇಲಕ್ಕೆ ಸಾಗಿಸಿ, ಶೆಟ್ಟರು ಒಣಗಿಸಿದ್ದ ಹುಣಸೆಹಣ್ಣನ್ನು ಕಾಲಿನಿಂದ ಒಂದಿಷ್ಟು ಪಕ್ಕಕ್ಕೆ ಸರಿಸಿ ಇಟ್ಟೇಬಿಟ್ಟರು. ಶೆಟ್ಟರು ಮೆಟ್ಟಿಲು ಹತ್ತಿ ಬಂದರು.

"ನರ್ಸಮ್ಮಾ, ನಿಮಗೆ ಬಾಡಿಗೆಗೆ ಕೊಟ್ಟಿರೋದು ಕೋಣೆ. ತಾರಸಿ ಕೊಟ್ಟಿಲ್ಲ."

"ತಾರಸಿ ಯಾರಿಗೆ ಬೇಕು ಶೆಟ್ಟರೇ? ನನಗೆ ಬೇಕಾಗಿರೋದು ಅದರ ಮೇಲಿರೋ ಬಿಸಿಲು."

"ತಾರಸಿ ಮೇಲೆ ಬಿದ್ದ ಬಿಸಿಲು ತಾರಸಿ ಯಜಮಾನಂದು."

"ಹಂಗಾದ್ರೆ ನಿಮ್ಮ ತಾರಸಿ ನೆರಳು ಹಗಲೆಲ್ಲಾ ನನ್ನ ಬಾಗಿಲ ಮುಂದೆ ಬಿದ್ದಿರುತ್ತಲ್ಲ, ಅದೂ ನಿಮ್ಮದೇ ತಾನೇ? ಮೊದಲು ಅದನ್ನ ಎತ್ಕೊಂಡು ಹೋಗಿ."

ಶೆಟ್ಟರು ನಲವತ್ತು ವರ್ಷ ವ್ಯಾಪಾರ ಮಾಡಿದವರು. ಆದರೆ ಬಿಸಿಲು ನೆರಳಿನ ವ್ಯಾಪಾರದಲ್ಲಿ ಅನುಭವ ಸಾಲದಾಗಿತ್ತು. ಅವರು ಯೋಚಿಸುತ್ತಾ ನಿಂತಿದ್ದಾಗ ಅವರ ಹೆಂಡತಿ ರತ್ನಮ್ಮ ಕೆಳಗಿನಿಂದಲೇ, "ಒಂದು ಡಬ್ಬದಲ್ಲಿ ನಮ್ಮ ಬೇಳೆ ಇಡಲಿ ಬಿಡ್ರೀ, ಸೌದೆ ಉಳಿಯುತ್ತೆ" ಎಂದು ಕೂಗಿದರು. ಹೀಗೆ ಮೊದಲ ಡಬ್ಬ ಮನೆ ಯಜಮಾನರ ಪಾಲಾಯಿತು. ಎರಡನೆಯದು ಅತ್ತೆಯ ಅನ್ನಕ್ಕೆ.

ಆದರೆ ಪೆಟ್ಟಿಗೆಯ ಮುಖ ತಿರುಗಿಸುತ್ತಿರಲು ಯಾರಾದರೂ ಬೇಕಲ್ಲ! ಅತ್ತೆ ಒಂದು ಕಡೆ ನಿಲ್ಲುವವರಲ್ಲ. ಸೂರ್ಯ ಪಶ್ಚಿಮಕ್ಕೆ ಹೋದರೂ ಪೆಟ್ಟಿಗೆ ಪೂರ್ವವನ್ನೇ ನೋಡುತ್ತಾ ಕುಳಿತಿರುತ್ತಿತ್ತು. ಹಿಂದಿನ ಸಣ್ಣ ಮನೆಯಲ್ಲಿ ಬೀಡಿ ಕಟ್ಟಿ ಜೀವನ ಮಾಡುತ್ತಿದ್ದ ಮೆಹಬೂಬಿಯೆಂಬ ಹೆಂಗಸಿದ್ದಳು. ದಿನವೆಲ್ಲ ಮನೆಯಲ್ಲೇ ಇರುವವಳು. ಒಲೆಯ ಹೊಗೆಗೆ ಕಣ್ಣು ಯಾವಾಗಲೂ ಕೆಂಪು. ಅತ್ತೆ ಅವಳಿಗೆ ಮೂರನೆಯ ಡಬ್ಬ ಕೊಟ್ಟು, ತಿರುಗಿಸುವ ಕೆಲಸ ಒಪ್ಪಿಸಿದರು. ಅವಳು ಬೀಡಿ ಎಲೆಯ ಮೊರವನ್ನು ತಾರಸಿಗೇ ತಂದುಕೊಂಡು ನೆರಳಲ್ಲಿ ಕೂತಳು.

ರತ್ನಮ್ಮನವರಿಗೆ ಚಿಂತೆ ಹತ್ತಿತು. "ನರ್ಸಮ್ಮಾ, ಅವಳು ಏನಾದ್ರೂ ಮಾಂಸ ಗೀಂಸ ಇಟ್ಟರೆ? ಒಂದೇ ಪೆಟ್ಟಿಗೆ..."

ಉತ್ತರ ಮೆಹಬೂಬಿಯೇ ಕೊಟ್ಟಳು. "ಅಯ್ಯೋ ಶೆಟ್ರಮ್ಮಾ, ದಿನಾ ಗೋಷ್ ತಿನ್ನೋ ನಸೀಬು ಇದ್ರೆ ಈ ಡಬ್ಬ ತಿರುಗಿಸ್ಕೊಂಡು ನಾನ್ಯಾಕೆ ಕೂತಿರ್ತಿದ್ದೆ? ನಂದೂ ಬೇಳೇನೇ."

ಬೇಳೆ ಬೇಳೆಯೇ, ಡಬ್ಬ ಮಾತ್ರ ನಾಲ್ಕೂ ಒಂದೇ ಥರ ಕಪ್ಪು. ಒಂದು ದಿನ ಅದಲುಬದಲಾಯಿತು. ಹುಣಸೆ, ಪುದೀನ, ಬೆಳ್ಳುಳ್ಳಿ ಹಾಕಿದ ಮೆಹಬೂಬಿಯ ಖಟ್ಟಾ ದಾಲು ಶೆಟ್ಟರ ತಟ್ಟೆಗೆ ಬಂತು. ಬೆಳ್ಳುಳ್ಳಿಯನ್ನು ಅಂಗಡಿಯಲ್ಲಿ ಮಾರುತ್ತಿದ್ದರೇ ಹೊರತು ಮನೆಯೊಳಗೆ ಬಿಡದ ಶೆಟ್ಟರು, ಒಂದು ತುತ್ತು ಬಾಯಿಗಿಟ್ಟು ತಟ್ಟೆಯನ್ನೊಮ್ಮೆ ಬಗ್ಗಿ ನೋಡಿದರು. ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡರು. ಆಮೇಲೆ ಡಬ್ಬವನ್ನೇ ಇಸಿದುಕೊಂಡರು.

"ಇವತ್ತು ಬೇಳೆಗೆ ಏನೇ ಹಾಕಿದ್ದೆ?" ಎಂದು ಹೆಂಡತಿಯನ್ನು ಕೇಳಿದರು.

ರತ್ನಮ್ಮನವರಿಗೆ ಮೊದಲ ವಾಸನೆಗೇ ವಿಷಯ ಗೊತ್ತಾಗಿತ್ತು. "ಬಿಸಿಲು" ಎಂದರು.

"ಒಲೆ ಮೇಲೆ ಮಾಡಿದ್ದಕ್ಕೆ ಈ ರುಚಿ ಇಲ್ಲ ನೋಡು! ಸೂರ್ಯನ ಶಾಖ ಅಂದ್ರೆ ಬೇರೇನೇ!"

ಅಂದಿನಿಂದ ವಾರಕ್ಕೊಮ್ಮೆ ಡಬ್ಬಗಳು ತಾವಾಗಿಯೇ ಅದಲುಬದಲಾಗತೊಡಗಿದವು. ಶೆಟ್ಟರು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಸೂರ್ಯನ ಶಾಖದ ಮಹಿಮೆ ಹೇಳತೊಡಗಿದರು. ನಮ್ಮತ್ತೆಗೆ ಇಷ್ಟು ಒಳ್ಳೆಯ ಪ್ರಚಾರಕ ಬೇರೆ ಸಿಕ್ಕುತ್ತಿರಲಿಲ್ಲ.

ಉಳಿದದ್ದು ನಾಲ್ಕನೆಯ ಡಬ್ಬ. ಬಿಸಿಲು ದಂಡವಾಗುತ್ತಿದೆ ಎಂದು ಅತ್ತೆಗೆ ನಿದ್ದೆ ಬರಲಿಲ್ಲ. ಊರಿನಿಂದಾಚೆ, ಪಂಚಾಯ್ತಿ ಚೇರ್ಮನ್ನರ ಮಾವಿನ ತೋಪಿನ ಮಗ್ಗುಲಲ್ಲಿ ಕಾಲೋನಿ ಇತ್ತು. ಗುಡಿಸಿಲುಗಳು. ಕರೆಂಟು ಕಂಬಗಳು ಊರಿನ ಕೊನೆಯವರೆಗೆ ಬಂದು, ಬಸ್ಸು ತಪ್ಪಿಸಿಕೊಂಡವರ ಹಾಗೆ ಅಲ್ಲೇ ನಿಂತುಬಿಟ್ಟಿದ್ದವು. ಕಾಲೋನಿಯ ಹೆಂಗಸರಿಗೆ ಬಿಸಿಲು ಪೆಟ್ಟಿಗೆಯ ಉಪಯೋಗ ತಿಳಿಸಿಕೊಡಬೇಕೆಂದು ಒಂದು ಭಾನುವಾರ ಸಂಜೆ ಅತ್ತೆ ನನ್ನ ಕೈಗೆ ಡಬ್ಬ ಕೊಟ್ಟು ಹೊರಡಿಸಿದರು.

ಅಲ್ಲಿ ಮುನಿಯಮ್ಮ ಎಂಬವಳ ಮುಂದೆ ಭಾಷಣ ಆರಂಭವಾಯಿತು. ಮುನಿಯಮ್ಮ ಮಾವಿನ ತೋಪಿನಲ್ಲಿ, ಟೊಮೆಟೊ ಹೊಲದಲ್ಲಿ ಕೂಲಿ ಮಾಡುವವಳು. ಅವಳ ಮಕ್ಕಳೆಲ್ಲ ಅತ್ತೆಯ ಕೈಯಲ್ಲಿ ಹುಟ್ಟಿದವರೇ. ಪೂರ್ತಿ ಕೇಳಿ ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಇದರಾಗೆ ಮುದ್ದೆ ತೊಳಸಬೌದಾ ನರ್ಸಮ್ಮಾ?"

ಅತ್ತೆ ನನ್ನ ಕೈಯಲ್ಲಿದ್ದ ಡಬ್ಬ ನೋಡಿದರು. ಗಾಜು ಮುಚ್ಚಿದ ಪೆಟ್ಟಿಗೆಯೊಳಗೆ ಕೋಲು ಹಾಕಿ ಮುದ್ದೆ ತೊಳಸುವುದು ಹೇಗೆ?

"ಆಗಲ್ಲ ಕಣೇ. ಅನ್ನ ಆಗುತ್ತೆ."

"ಅನ್ನ ಹಬ್ಬಕ್ಕೆ. ಹೋಗ್ಲಿ ಬಿಡಿ. ಹೊತ್ತು ಹುಟ್ಟೋಕ್ಮುಂಚೆ ನಾವು ಕೂಲಿಗೆ ಹೋಗ್ತೀವಿ. ಹೊತ್ತು ಮುಳುಗಿದ್ಮೇಲೆ ಬರ್ತೀವಿ. ನಿಮ್ಮ ಸೂರ್ಯ ನಮ್ಮನೇಲಿ ಇರೋದು ಯಾವಾಗ? ಹಗಲೆಲ್ಲಾ ನಮ್ಮ ಬೆನ್ನ ಮ್ಯಾಲೇ ಇರ್ತಾನೆ. ಬೆನ್ನ ಮ್ಯಾಲೆ ಡಬ್ಬ ಕಟ್ಕೊಂಡು ಹೋದ್ರೆ ಬೇಯುತ್ತಾ ನೋಡಿ!"

ಸುತ್ತಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮುನಿಯಮ್ಮನೂ ನಕ್ಕಳು. ಅತ್ತೆ ನಗಲಿಲ್ಲ. ಅವರನ್ನು ಮಾತಿನಲ್ಲಿ ಯಾರಾದರೂ ಸೋಲಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ವಾಪಸು ಬರುವಾಗ ನನಗಿಂತ ನಾಲ್ಕು ಹೆಜ್ಜೆ ಮುಂದೆ ಬಿರಬಿರನೆ ನಡೆದರು. ಮನೆ ಬಾಗಿಲಲ್ಲಿ ನನ್ನ ಕೈಯಿಂದ ಡಬ್ಬ ಇಸಿದುಕೊಂಡು, "ನಾನೆಂಥ ಪೆದ್ದಿ ಕಣೇ. ಅವರಿಗೆ ಹಗಲಲ್ಲಿ ಒಲೆ ಯಾಕೆ? ಅವರಿಗೆ ಬೇಕಾಗಿರೋದು ಸಂಜೆಗೆ ಬೆಳಕು" ಎಂದರು.

ಹಗಲಿನ ಬಿಸಿಲನ್ನು ಸಂಜೆಗೆ ಎತ್ತಿಡುವ ಉಪಾಯವೂ ಇದೆ ಎಂದು ಅವರು ಆ ವಸ್ತುಪ್ರದರ್ಶನದಲ್ಲೇ ನೋಡಿದ್ದರು. ಗಾಜಿನ ಫಲಕವೊಂದು ಬಿಸಿಲು ಕುಡಿದು ಬ್ಯಾಟರಿಗೆ ಕೊಡುತ್ತದೆ. ಕತ್ತಲಾದ ಮೇಲೆ ಬ್ಯಾಟರಿಯಿಂದ ದೀಪ. ಆಗ ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಇಲಾಖೆಯವರು ಪ್ರಾತ್ಯಕ್ಷಿಕೆಗೆಂದು ಅಲ್ಲೊಂದು ಇಲ್ಲೊಂದು ಊರಿಗೆ ಕೊಡುತ್ತಾರೆಂದು ಕೇಳಿ, ಅತ್ತೆ ನನಗೆ ರಜೆ ಹಾಕಿಸಿ, ಕೋಲಾರದ ಆ ಇಲಾಖೆಯ ಕಚೇರಿಗೆ ಕರೆದುಕೊಂಡು ಹೋದರು.

ಅಧಿಕಾರಿ ಚಿಕ್ಕ ವಯಸ್ಸಿನ ಇಂಜಿನಿಯರು. ಇಸ್ತ್ರಿ ಮಾಡಿದ ಷರಟು, ಮುಖದಲ್ಲೂ ಇಸ್ತ್ರಿ. "ನಿಮ್ಮ ಅರ್ಜಿಯನ್ನು ಸೂಕ್ತ ಕಾಲದಲ್ಲಿ ಪರಿಶೀಲಿಸಲಾಗುವುದು" ಎಂದರು. ಅತ್ತೆ ಎಲ್ಲೋ ನೋಡಿದಂತಿದೆಯಲ್ಲ ಎಂಬಂತೆ ಅವರ ಕಿವಿಯನ್ನೇ ನೋಡುತ್ತಿದ್ದರು.

"ನಿಮ್ಮದು ಯಾವೂರು?"

"ರಾಯಲ್ಪಾಡು."

"ಮೀ ಅಮ್ಮ ಪೇರೇಮಿ ನಾಯನಾ?"

ಅಧಿಕಾರಿ ಅಮ್ಮನ ಹೆಸರು ಹೇಳಿದರು. ಅತ್ತೆ ಎರಡೂ ಕೈ ಮೇಜಿನ ಮೇಲೆ ಊರಿ ಎದ್ದೇ ಬಿಟ್ಟರು.

"ಅಯ್ಯೋ! ಕಾಲು ಮುಂದಾಗಿ ಬಂದೋನು ನೀನೇನಾ! ನಿಮ್ಮಮ್ಮನ್ನ, ನನ್ನ ಇಬ್ಬರನ್ನೂ ಎಷ್ಟು ಗೋಳು ಹೊಯ್ಕೊಂಡೆಯಪ್ಪಾ! ಆವತ್ತೂ ನಿನಗೆ ಯಾವ ಕಡೆ ತಿರುಗಬೇಕು ಅಂತ ಗೊತ್ತಿರಲಿಲ್ಲ. ನಾನೇ ತಿರುಗಿಸಿದೆ. ಈಗಲೂ ಆ ಅರ್ಜಿ ಯಾವ ಕಡೆ ತಿರುಗಿಸಬೇಕು ಅಂತ ನಾನೇ ಹೇಳಿಕೊಡಬೇಕಾ?"

ಇಡೀ ಕಚೇರಿಯ ಪೆನ್ನುಗಳು ನಿಂತವು. ಟೈಪ್‌ರೈಟರೂ ನಿಂತಿತು, ಅದು ನನಗೆ ಚೆನ್ನಾಗಿ ಗೊತ್ತಾಯಿತು. ಅಧಿಕಾರಿಯ ಮುಖದ ಇಸ್ತ್ರಿ ಪೂರ್ತಿ ಹೋಗಿ, ಒಳಗಿನಿಂದ ಒಬ್ಬ ನಾಚಿಕೆಯ ಹುಡುಗ ಹೊರಗೆ ಬಂದ. ಈ ಸಲ ತಲೆ ಮುಂದಾಗಿಯೇ ಬಂದ.

ಬೇಸಿಗೆಯ ಆರಂಭದಲ್ಲಿ ಜೀಪಿನಲ್ಲಿ ಫಲಕ, ಬ್ಯಾಟರಿ, ಎರಡು ದೀಪ ಬಂದವು. ಹಿಂದೆಯೇ ಜಗಳವೂ ಬಂತು. ಎಲ್ಲಿ ಹಾಕುವುದು? ಪಂಚಾಯ್ತಿ ಜಗಲಿಯ ಮೇಲೆ ಸಭೆ ಸೇರಿತು. ಇಂಜಿನಿಯರೂ ಬಂದಿದ್ದರು, ಅತ್ತೆಯಿಂದ ದೂರ ಕುಳಿತಿದ್ದರು.

"ನಮ್ಮ ಮನೇದು ಆರ್‌ಸಿಸಿ. ಗಟ್ಟಿ. ನಮ್ಮಲ್ಲೇ ಹಾಕಿ" ಎಂದರು ಚೇರ್ಮನ್ನರು. ಊರಿನಲ್ಲಿ ಅವರದೇ ದೊಡ್ಡ ಮನೆ.

"ನಿಮ್ಮನೇಲಿ ಕರೆಂಟಿದೆಯಲ್ಲ?" ಎಂದರು ಅತ್ತೆ.

"ಕರೆಂಟು ಹೋಗುತ್ತಲ್ಲಮ್ಮಾ!"

"ಹೋಗಬೇಕಾದ್ರೆ ಮೊದಲು ಬಂದಿರಬೇಕು. ಕಾಲೋನಿಗೆ ಬಂದೇ ಇಲ್ಲ."

ದೇವಸ್ಥಾನಕ್ಕೆ ಬೇಕು ಎಂದರು ಪೂಜಾರಿಗಳು. ಶಾಲೆಗೆ ಬೇಕು ಎಂದರು ಹೆಡ್ಮಾಸ್ಟರು. ಶಾಲೆ ಹಗಲಲ್ಲಿ ನಡೆಯುವುದನ್ನು ಯಾರೋ ನೆನಪಿಸಿದ ಮೇಲೆ ಕುಳಿತುಕೊಂಡರು. ಕಾಲೋನಿಯವರು ಒಂದು ಪಕ್ಕಕ್ಕೆ ನಿಂತಿದ್ದರು. ಇಂಜಿನಿಯರು ಗಂಟಲು ಸರಿಮಾಡಿಕೊಂಡು, "ತಾಂತ್ರಿಕವಾಗಿ ಕಾಲೋನಿಯಲ್ಲಿ ಕಷ್ಟ. ಗುಡಿಸಿಲಿನ ಮೇಲೆ ಫಲಕ ನಿಲ್ಲಲ್ಲ. ನೆಲದಲ್ಲಿ ಕಂಬ ಹಾಕೋಣ ಅಂದ್ರೆ ಮಾವಿನ ಮರದ ನೆರಳು ಅರ್ಧ ಹಗಲು ಇರುತ್ತೆ" ಎಂದರು.

"ನೋಡಿದ್ರಾ!" ಎಂದರು ಚೇರ್ಮನ್ನರು, ಆ ನೆರಳನ್ನು ತಾವೇ ನೆಟ್ಟು ಬೆಳೆಸಿದ ಸಂತೋಷದಿಂದ.

"ಮರ ನಿಮ್ಮ ತೋಪಲ್ಲಿದೆ. ಹಣ್ಣು ನಿಮ್ಮ ಮನೆಗೆ ಹೋಗುತ್ತೆ. ನೆರಳು ಮಾತ್ರ ಅವರಿಗ್ಯಾಕೆ? ನಾಲ್ಕು ಕೊಂಬೆ ಕಡೀರಿ" ಎಂದರು ಅತ್ತೆ.

ನಮ್ಮ ಕಡೆ ಬಾದಾಮಿ ಮಾವಿನ ಕೊಂಬೆ ಕಡಿ ಎನ್ನುವುದು ಆಡುವ ಮಾತಲ್ಲ. ಚೇರ್ಮನ್ನರು ಎದ್ದು ನಿಂತರು. "ಕೈ ಕೇಳಿ ಕೊಡ್ತೀನಿ ನರ್ಸಮ್ಮಾ. ಕೊಂಬೆ ಕೇಳಬೇಡಿ."

ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ಕಾಲೋನಿಯವರಲ್ಲಿ ಕೆಲವರು ಮನೆ ಕಡೆ ತಿರುಗಿದ್ದರು. ಮುನಿಯಮ್ಮನ ಮುಖದಲ್ಲಿ ಬೇಸರವೂ ಇರಲಿಲ್ಲ, ಇದೇನು ಹೊಸದಲ್ಲ ಎಂಬಂತಿತ್ತು. ಆಗ ಹೆಂಗಸರ ಗುಂಪಿನಿಂದ ರತ್ನಮ್ಮ ಒಂದು ಸಲ ಕೆಮ್ಮಿದರು. ಸಾಧಾರಣ ಕೆಮ್ಮಲ್ಲ. ಶೆಟ್ಟರು ಬೆಚ್ಚಿ ಹೆಂಡತಿಯನ್ನು ನೋಡಿದರು. ರತ್ನಮ್ಮನವರ ಪಕ್ಕದಲ್ಲಿ ಮೆಹಬೂಬಿ ನಿಂತಿದ್ದಳು. ಖಟ್ಟಾ ದಾಲಿನ ರಹಸ್ಯ ಶೆಟ್ಟರಿಗೆ ಯಾವಾಗಲೋ ತಿಳಿದಿತ್ತೆಂದು, ಅವರ ಹೆಂಡತಿಯೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಶೆಟ್ಟರು ನಿಧಾನವಾಗಿ ಎದ್ದರು.

"ನನ್ನ ಹುಣಸೆ ಗೋದಾಮು ಕಾಲೋನಿ ಪಕ್ಕದಲ್ಲೇ ಇದೆ. ಕಲ್ಲು ಚಪ್ಪಡಿ. ಅಲ್ಲಿ ಮರ ಇಲ್ಲ. ಅದರ ಮೇಲೆ ಹಾಕಿ, ಅಲ್ಲಿಂದ ತಂತಿ ಎಳೀರಿ."

"ಶೆಟ್ಟರೇ, ಚಪ್ಪಡಿ ತೂತು ಕೊರೆದ್ರೆ ಮಳೆಗಾಲದಲ್ಲಿ ಸೋರುತ್ತೆ! ಹುಣಸೆಹಣ್ಣು ಹಾಳಾಗುತ್ತೆ!" ಎಂದರು ಚೇರ್ಮನ್ನರು.

"ನರ್ಸಮ್ಮ ಇರೋವರ್ಗೂ ಈ ಊರಿಗೆ ಮಳೆ ಎಲ್ಲಿ ಬರುತ್ತೆ ಬಿಡಿ" ಎಂದರು ಶೆಟ್ಟರು.

ಫಲಕ ಗೋದಾಮಿನ ಮೇಲೆ ಕುಳಿತಿತು. ದೀಪ ಎರಡು, ಗುಡಿಸಿಲು ಹಲವು. ಈಗ ಜಗಳ ಕಾಲೋನಿಯೊಳಗೆ ಆಗಬೇಕಿತ್ತು. ಅತ್ತೆ ತೀರ್ಪು ಕೊಡಲು ಸೀರೆ ಸರಿಮಾಡಿಕೊಳ್ಳುತ್ತಿದ್ದಂತೆಯೇ ಮುನಿಯಮ್ಮ, "ನೀವು ಸುಮ್ಕಿರಿ ನರ್ಸಮ್ಮಾ, ನಾವು ಮಾತಾಡ್ಕೊಂಡಿದ್ದೀವಿ" ಎಂದಳು. ಒಂದು ದೀಪ ಎಲ್ಲರಿಗೂ ಸೇರಿ ಬೇವಿನ ಕಟ್ಟೆಯ ಹತ್ತಿರ. ಇನ್ನೊಂದಕ್ಕೆ ಉದ್ದನೆಯ ತಂತಿ, ಕೊಕ್ಕೆ. ಅದು ಸರದಿಯಂತೆ ಮನೆಯಿಂದ ಮನೆಗೆ ಹೋಗುತ್ತದೆ. ಕಾಯಿಲೆ, ಹೆರಿಗೆ ಇದ್ದ ಮನೆಗೆ ಸರದಿ ಮುರಿದು ಹೋಗುತ್ತದೆ. ಅತ್ತೆ ಸೀರೆ ಸರಿಮಾಡಿಕೊಂಡದ್ದು ದಂಡವಾಯಿತು.

ಆಮೇಲೆ ಏನಾಯಿತೆಂದರೆ, ಆ ಬೇಸಿಗೆಯಲ್ಲಿ ಊರಿಗೆ ಸಂಜೆಯ ಹೊತ್ತು ಕರೆಂಟೇ ಇಲ್ಲದಂತಾಯಿತು. ಊರೆಲ್ಲ ಕತ್ತಲು, ಕಾಲೋನಿಯ ಕಟ್ಟೆ ಮಾತ್ರ ಬೆಳ್ಳಗೆ! ಮೊದಲು ಪರೀಕ್ಷೆಯ ಮಕ್ಕಳು ಪುಸ್ತಕ ಹಿಡಿದುಕೊಂಡು ಹೋದರು. ಹಿಂದೆ ಅಕ್ಕಿ ಆರಿಸುವ ತಾಯಂದಿರು ಹೋದರು. ಚೇರ್ಮನ್ನರಿಗೆ ಸಂಜೆ ಪೇಪರು ಓದದಿದ್ದರೆ ಊಟ ಸೇರುತ್ತಿರಲಿಲ್ಲ. ಅವರ ಎಮ್ಮೆ ಕರೆಂಟು ಹೋದ ಸಂಜೆಗಳಲ್ಲೇ ತಪ್ಪದೆ ಕಳೆದುಹೋಗತೊಡಗಿತು. ಅವರು ಪೇಪರನ್ನು ಕಂಕುಳಲ್ಲಿಟ್ಟುಕೊಂಡು ಎಮ್ಮೆ ಹುಡುಕುತ್ತಾ ಕಟ್ಟೆಯವರೆಗೆ ಬರುತ್ತಿದ್ದರು.

"ಎಮ್ಮೆ ಈ ಕಡೆ ಬಂತಾ ಮುನಿಯಮ್ಮಾ?"

"ಇನ್ನೂ ಬಂದಿಲ್ಲ ಸ್ವಾಮಿ. ಕುಂತ್ಕೊಳ್ಳಿ, ಬತ್ತದೆ."

ಮುಖಪುಟದಿಂದ ಕೊನೆಯ ಪುಟದ ಮಾರುಕಟ್ಟೆ ಧಾರಣೆಯವರೆಗೆ ಓದಿ ಮುಗಿಸುವ ಹೊತ್ತಿಗೆ, ಎಮ್ಮೆ ಕೊಟ್ಟಿಗೆಯಲ್ಲೇ ಇದ್ದುದು ಅವರಿಗೆ ನೆನಪಾಗುತ್ತಿತ್ತು.

ಅದೇ ಬೇಸಿಗೆಯ ಒಂದು ಶನಿವಾರ ನಾನು ಬಸ್ಸಿಳಿದು ಬಂದಾಗ ಅತ್ತೆಯ ಬಾಗಿಲಲ್ಲಿ ಮುನಿಯಮ್ಮ ನಿಂತಿದ್ದಳು. ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಜೋರಾಗಿದೆ, ಮುಳಬಾಗಿಲಿಗೆ ಹೋಗುವ ಕೊನೆಯ ಬಸ್ಸು ಹೋಗಿಬಿಟ್ಟಿದೆ.

"ನಾನು ರಿಟೈರಾದೋಳು ಕಣೇ, ಕಣ್ಣು ಬೇರೆ ಮಂಜು" ಎನ್ನುತ್ತಲೇ ಅತ್ತೆ ಕನ್ನಡಕ ಏರಿಸಿ ಚಪ್ಪಲಿ ಮೆಟ್ಟಿದ್ದರು. ನಾನು ಹಿಂದೆ ಓಡಿದೆ.

ನಾವು ಹೋಗುವಷ್ಟರಲ್ಲಿ ಸೂರ್ಯ ಮುಳುಗಿ, ಯಾರೋ ತಂತಿ ಎಳೆದು ದೀಪವನ್ನು ಗುಡಿಸಿಲ ತೊಲೆಗೆ ಸಿಕ್ಕಿಸಿದ್ದರು. ನಾನು ಬಾಗಿಲ ಹೊರಗೆ ಬಿಸಿನೀರಿನ ಪಾತ್ರೆ ಹಿಡಿದು ನಿಂತೆ. ಒಳಗಿನಿಂದ ಅತ್ತೆಯ ಬೈಗುಳ ಎಂದಿನಂತೆ ಕೇಳಿಸುತ್ತಿತ್ತು. "ಅಳಬೇಡ್ವೇ, ಉಸಿರು ಬಿಡು! ನಿಮ್ಮಮ್ಮನೂ ಹಿಂಗೇ ಊರು ಎಬ್ಬಿಸ್ತಿದ್ಲು!" ಊರು ಮಲಗುವ ಹೊತ್ತಿಗೆ ಮಗು ಕೂಗಿದ್ದು ಕೇಳಿಸಿತು. ಆಮೇಲೆ ಅತ್ತೆಯ ದನಿ ನಿಂತುಹೋಯಿತು.

ಹೆರಿಗೆಯಾದ ಮೇಲೆ ಅತ್ತೆ ಸುಮ್ಮನಿರುವುದೆಂದರೇನು! ನಾನು ಹೆದರಿ ಒಳಗೆ ಹೋದೆ. ಅತ್ತೆ ದೀಪದ ಕೆಳಗೆ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡುತ್ತಾ ನಿಂತಿದ್ದರು. ಕಣ್ಣು ಮಿಟುಕಿಸುತ್ತ ಇರಲಿಲ್ಲ.

"ಏನಾಯ್ತು ನರ್ಸಮ್ಮಾ? ಏನಾದ್ರೂ ಹೆಚ್ಚುಕಮ್ಮಿನಾ?" ಎಂದಳು ಮುನಿಯಮ್ಮ.

"ಏನೂ ಇಲ್ಲ ಕಣೇ. ಚೆನ್ನಾಗಿದೆ." ಸ್ವಲ್ಪ ಹೊತ್ತು ಬಿಟ್ಟು ಅತ್ತೆ ಹೇಳಿದರು. "ನಿಮ್ಮ ಈ ಗುಡಿಸಿಲುಗಳಲ್ಲಿ ರಾತ್ರಿ ಹೊತ್ತು ನಾನು ಹಿಡಿದ ಒಂದು ಮಗುವಿನ ಮುಖಾನೂ ನೋಡಿದೋಳಲ್ಲ. ಬುಡ್ಡಿ ದೀಪದಲ್ಲಿ ತುಟಿ ಕೆಂಪಗಿದೆಯಾ, ನೀಲಿಯಾಗ್ತಿದೆಯಾ, ಏನು ಕಾಣುತ್ತೆ? ಎದೆ ಮೇಲೆ ಕೈಯಿಟ್ಕೊಂಡು, ಬೆಳಗಾಗ್ಲಿ ಅಂತ ಕೂತಿರ್ತಿದ್ದೆ. ನಿನ್ನ ಮೊದಲನೇದು... ಅದು ಬೆಳಗಿನವರೆಗೂ ಕಾಯಲಿಲ್ಲ."

ಮುನಿಯಮ್ಮ ಮಲಗಿದ್ದ ಮಗಳ ಕೈ ಹಿಡಿದುಕೊಂಡಳು.

"ಇದು ಕೆಂಪಗಿದೆ ಕಣೇ ಮುನಿಯಮ್ಮಾ. ನೋಡು. ಕೆಂಪಗಿದೆ."

ಮೂರು ಭಾಷೆಗಳಲ್ಲಿ ಬೈಯಬಲ್ಲ ನಮ್ಮತ್ತೆಗೆ ಅದಕ್ಕಿಂತ ಹೆಚ್ಚು ಯಾವ ಭಾಷೆಯಲ್ಲೂ ಹೇಳಲಾಗಲಿಲ್ಲ. ಮುನಿಯಮ್ಮ ಮಗುವನ್ನು ತೆಗೆದುಕೊಳ್ಳಲು ಮುಂದೆ ಬಂದವಳು, ಮಗುವನ್ನು ಮುಟ್ಟಲಿಲ್ಲ. ಅತ್ತೆಯ ಮೂಗಿನ ಮೇಲೆ ಮಸುಕಾಗಿದ್ದ ಕನ್ನಡಕವನ್ನು ಮೆಲ್ಲಗೆ ತೆಗೆದು, ತನ್ನ ಸೆರಗಿನ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿದಳು.

"ಇನ್ನೊಂದು ಸಲ ನೋಡಿ ನರ್ಸಮ್ಮಾ" ಎಂದಳು. "ಚೆನ್ನಾಗಿ ನೋಡಿ."